ದಿನಕ್ಕೆ ಎರಡು ಸಲ ಬರ: ಗೋಕರ್ಣದ ಬಂಡೆಗಳ ಮೇಲಿನ ಬದುಕು

ಮೊದಲಿಗೆ ಒಂದು ತಪ್ಪು ಒಪ್ಪಿಕೊಂಡು ಶುರು ಮಾಡ್ತೀವಿ. ಗೋಕರ್ಣದಿಂದ ವಾಪಸ್ ಬಂದ ಮೂರನೇ ದಿನ ಹಾಸ್ಟೆಲ್ ರೂಮಿನಲ್ಲಿ ಏನೋ ಕೆಟ್ಟ ವಾಸನೆ. ಮೊದಲು ಒಬ್ಬರ ಸಾಕ್ಸ್ ಮೇಲೆ ಇನ್ನೊಬ್ಬರು ಹಾಕಿದ್ವಿ. ಹುಡುಕ್ತಾ ಹೋದರೆ ವಾಸನೆ ಬರ್ತಿದ್ದದ್ದು ಟೇಬಲ್ ಡ್ರಾಯರಿನಿಂದ. ಅಲ್ಲಿ ಕರ್ಚೀಫಿನಲ್ಲಿ ಕಟ್ಟಿಟ್ಟ ಇಪ್ಪತ್ತು ಚಿಪ್ಪುಗಳಿದ್ದವು. ಸಮುದ್ರದ ಬಂಡೆಗಳ ಸಂದಿಯಲ್ಲಿ ಆರಿಸಿಕೊಂಡು ತಂದವು. ಎಲ್ಲಾ ಖಾಲಿ ಚಿಪ್ಪು ಅಂತ ನಾವು ತಿಳಿದಿದ್ವಿ. ಗಂಟು ಬಿಚ್ಚಿದರೆ ನಾಲ್ಕು ಚಿಪ್ಪಿನ ಬಾಯಿಂದ ಸಣ್ಣ ಸಣ್ಣ ಕಾಲುಗಳು ಜೋತು ಬಿದ್ದಿದ್ದವು. ಒಳಗೆ ಏಡಿಗಳಿದ್ದವು. ಸತ್ತಿದ್ದವು.

ನಾವು ನಾಲ್ಕು ಜನ. ಒಬ್ಬ ನವಲಗುಂದ ಕಡೆಯವ, ಒಬ್ಬ ಕುಂದಗೋಳ, ಒಬ್ಬ ಕಲಘಟಗಿ, ಒಬ್ಬ ಅಣ್ಣಿಗೇರಿ. ಸಮುದ್ರ ಅಂದ್ರೆ ನಮಗೆ ಫೋಟೋ ತೆಗೆಸಿಕೊಳ್ಳೋ ಜಾಗ, ಅಷ್ಟೇ. ನಾಲ್ವರೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. 'ಇಂಟರ್‌ಟೈಡಲ್ ಝೋನ್' ಅಂದ್ರೇನು ಅಂತ ಕೇಳಿದರೆ ಒಂದು ಮಾರ್ಕಿನ ಉತ್ತರ ಈಗಲೂ ಬಾಯಿಪಾಠ ಇದೆ: ಭರತ ಬಂದಾಗ ಮುಳುಗಿ, ಇಳಿತದಲ್ಲಿ ಬಯಲಾಗುವ ದಂಡೆಯ ಪಟ್ಟಿ. ಆದರೆ ಆ ಪಟ್ಟಿಯಲ್ಲಿ ಯಾರ್ಯಾರು ಮನೆ ಮಾಡಿಕೊಂಡಿದ್ದಾರೆ ಅನ್ನೋದು ಉತ್ತರದಲ್ಲಿ ಇರಲಿಲ್ಲ. ಆ ನಾಲ್ಕು ಏಡಿಗಳನ್ನು ನೋಡಿದ ಮೇಲೆ ಓದೋಕೆ ಕೂತ್ವಿ. ಕಂಡದ್ದು, ಆಮೇಲೆ ಓದಿದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೀವಿ.

ಅಮಾವಾಸ್ಯೆ ಲೆಕ್ಕ

ನಾವು ಹೋದದ್ದು ಎಳ್ಳ ಅಮಾವಾಸ್ಯೆ ಮುಗಿಸಿಕೊಂಡು. ನವಲಗುಂದದ ಗೆಳೆಯನ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣಗಾಯಿ ಪಲ್ಯ ಉಂಡು, ಮರುದಿನ ಸಂಜೆ ಹುಬ್ಬಳ್ಳಿಯಿಂದ ಬಸ್ ಹತ್ತಿದ್ವಿ. ಕಲಘಟಗಿ, ಯಲ್ಲಾಪುರ, ಅಂಕೋಲಾ ದಾಟಿ ಗೋಕರ್ಣ. ಅದರ ಮರುದಿನ ನಸುಕಿನಲ್ಲೇ ಓಂ ಬೀಚಿಗೆ ನಡೆದ್ವಿ. ಅಲ್ಲಿ ದಂಡೆ ಎರಡು ಅರ್ಧಚಂದ್ರಗಳ ಆಕಾರದಲ್ಲಿದೆ. ಎರಡೂ ಕೂಡುವ ನಡುವಿನಲ್ಲಿ ಬಂಡೆಗಳು ಸಮುದ್ರಕ್ಕೆ ಚಾಚಿಕೊಂಡಿವೆ. ಅವತ್ತು ನೀರು ಎಷ್ಟು ಕೆಳಗೆ ಇಳಿದಿತ್ತು ಅಂದ್ರೆ, ಹಿಂದಿನ ಟ್ರಿಪ್‌ನಲ್ಲಿ ಅಲೆ ಹೊಡೀತಿದ್ದ ಜಾಗದಲ್ಲಿ ನಡೆದಾಡಬಹುದಿತ್ತು. ನಮ್ಮ ಅದೃಷ್ಟ ಅಂದುಕೊಂಡ್ವಿ.

ಅದೃಷ್ಟ ಏನಲ್ಲ, ಲೆಕ್ಕ. ಭೂಮಿಯ ಯಾವ ಬದಿ ಚಂದ್ರನಿಗೆ ಹತ್ತಿರವೋ ಆ ಬದಿಗೆ ಚಂದ್ರನ ಎಳೆತ ಜಾಸ್ತಿ, ದೂರದ ಬದಿಗೆ ಕಡಿಮೆ. ಈ ವ್ಯತ್ಯಾಸದಿಂದ ಸಮುದ್ರದ ನೀರು ಎರಡೂ ಬದಿಗೆ ಉಬ್ಬುತ್ತದೆ. ಭೂಮಿ ತಿರುಗುತ್ತಾ ಆ ಎರಡು ಉಬ್ಬುಗಳ ಕೆಳಗೆ ಹಾದುಹೋಗುವುದರಿಂದ ನಮ್ಮ ಕರಾವಳಿಯಲ್ಲಿ 24 ತಾಸು 50 ನಿಮಿಷದಲ್ಲಿ ಎರಡು ಭರತ, ಎರಡು ಇಳಿತ. ಚಂದ್ರನೂ ಮುಂದೆ ಸಾಗುತ್ತಾ ಇರುವುದರಿಂದ ಆ 50 ನಿಮಿಷ ಹೆಚ್ಚಿಗೆ. ಸೂರ್ಯನೂ ಎಳೆಯುತ್ತಾನೆ, ಆದರೆ ಅವನ ಪ್ರಭಾವ ಚಂದ್ರನದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬಂದು ಎರಡೂ ಎಳೆತ ಕೂಡುತ್ತವೆ. ಆಗ ಭರತ ಅತಿ ಮೇಲೆ, ಇಳಿತ ಅತಿ ಕೆಳಗೆ. ಪರಿಣಾಮ ಪೂರ್ತಿ ಕಾಣೋದು ಸಾಮಾನ್ಯವಾಗಿ ಒಂದೆರಡು ದಿನ ತಡವಾಗಿ. ಕಾರ ಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಸೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆ ಅಂತ ನಾವು ಹಬ್ಬ ಮಾಡುವ ದಿನಗಳ ಆಸುಪಾಸಿನಲ್ಲೇ ಸಮುದ್ರ ತನ್ನ ಬಂಡೆಗಳನ್ನು ಪೂರ್ತಿ ತೆರೆದು ತೋರಿಸುತ್ತದೆ. ಇಷ್ಟು ವರ್ಷ ಕ್ಯಾಲೆಂಡರ್ ನೋಡಿದರೂ ಇದು ನಮಗೆ ಗೊತ್ತಿರಲಿಲ್ಲ.

ಕಾರವಾರ, ಗೋಕರ್ಣ ಕಡೆ ಅಮಾವಾಸ್ಯೆ-ಹುಣ್ಣಿಮೆಗೆ ನೀರು ಏರಿ ಇಳಿಯುವ ಎತ್ತರ ಸುಮಾರು ಒಂದೂವರೆಯಿಂದ ಎರಡು ಮೀಟರ್. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಇದು ಹತ್ತು ಮೀಟರ್ ಮೀರುತ್ತದೆ. ಅದರ ಮುಂದೆ ನಮ್ಮದು ಸಣ್ಣದು. ಆದರೆ ಒಂದು ಸೆಂಟಿಮೀಟರ್ ಉದ್ದದ ಪ್ರಾಣಿಗೆ ಎರಡು ಮೀಟರ್ ಅಂದ್ರೆ ಒಂದು ಜಿಲ್ಲೆ ಇದ್ದಂಗ.

ಈಗ ಆ ಪ್ರಾಣಿಯ ಜಾಗದಲ್ಲಿ ನಿಂತು ಯೋಚನೆ ಮಾಡ್ರಿ. ನೀರು ಇಳಿದ ಕೂಡಲೇ ಬಿಸಿಲು. ಕಪ್ಪು ಬಂಡೆ ಕಾದ ಹಂಚಾಗುತ್ತದೆ. ಕುಣಿಗಳಲ್ಲಿ ನಿಂತ ನೀರು ಆರುತ್ತಾ ಹೆಚ್ಚು ಉಪ್ಪಾಗುತ್ತದೆ. ಮಳೆ ಬಂದರೆ ಅದೇ ಕುಣಿಯಲ್ಲಿ ಸಿಹಿನೀರು. ಮೇಲಿಂದ ಹಕ್ಕಿ. ತಾಸುಗಟ್ಟಲೆ ಕಳೆದು ನೀರು ವಾಪಸ್ ಬಂತಪ್ಪ ಅನ್ನುವಷ್ಟರಲ್ಲಿ ಅಲೆಯ ಏಟು, ಜೊತೆಗೆ ಮೀನು, ಏಡಿಗಳ ಬಾಯಿ. ಒಂದೇ ವರ್ಷದಲ್ಲಿ ಬರವನ್ನೂ ಬೆಣ್ಣೆಹಳ್ಳದ ನೆರೆಯನ್ನೂ ನೋಡಿದವರು ನಾವು. ಇವು ಹೆಚ್ಚುಕಡಿಮೆ ಪ್ರತಿದಿನ ಎರಡೂ ನೋಡ್ತಾವ, ಅದೂ ಎರಡೆರಡು ಸಲ.

ಜಮಖಾನದ ಪಟ್ಟಿಗಳು

ಬಂಡೆಯನ್ನು ಸ್ವಲ್ಪ ದೂರದಿಂದ ನೋಡಿದ ನವಲಗುಂದದ ಗೆಳೆಯ, "ಲೇ, ಇದು ನಮ್ಮೂರ ಜಮಖಾನ ಇದ್ದಂಗ ಐತಲ್ಲೋ" ಅಂದ. ಹೌದು, ಪಟ್ಟಿ ಪಟ್ಟಿಯಾಗಿತ್ತು. ಮೇಲೆ ಕಪ್ಪು, ಅದರ ಕೆಳಗೆ ಬೂದು ಬಿಳಿ, ಆಮೇಲೆ ಒರಟು ಕಂದು, ಕೆಳಗೆ ಹಸಿರು ಮತ್ತು ಕೆಂಪುಮಿಶ್ರಿತ ಕಂದು. ಬಣ್ಣ ಕಲ್ಲಿನದಲ್ಲ, ಅಲ್ಲಿ ಇರುವವರದು. ಮೇಲಿಂದ ಒಂದೊಂದೇ ಪಟ್ಟಿ ನೋಡೋಣ.

ಅತಿ ಮೇಲಿನ ಕಪ್ಪು ಪಟ್ಟಿಗೆ ನೀರು ಮುಟ್ಟುವುದು ದೊಡ್ಡ ಭರತದಲ್ಲಿ, ಇಲ್ಲವೇ ಅಲೆಯ ಹನಿಗಳಲ್ಲಿ ಮಾತ್ರ. ಆ ಕಪ್ಪು ಬಣ್ಣ ಹೆಚ್ಚಾಗಿ ಕಣ್ಣಿಗೆ ಬಿಡಿಯಾಗಿ ಕಾಣದ ಸಯನೋಬ್ಯಾಕ್ಟೀರಿಯಾಗಳದು. ಅದನ್ನು ಕೆರೆದು ತಿನ್ನುವ ಬಸವನಹುಳುಗಳು ಜೋಳದ ಕಾಳಿನಷ್ಟು ಗಾತ್ರ ಇರುತ್ತವೆ. ಇವುಗಳಿಗೆ ಪೆರಿವಿಂಕಲ್ ಅಂತ ಹೆಸರು. ಇಳಿತದಲ್ಲಿ ಇವು ಕಲ್ಲಿನ ಬಿರುಕಿನಲ್ಲಿ ಗುಂಪಾಗಿ ಸೇರಿಕೊಂಡು, ಚಿಪ್ಪಿನ ಬಾಯಿಗೆ ಮುಚ್ಚಳ ಹಾಕಿಕೊಂಡು ಕೂತುಬಿಡುತ್ತವೆ. ಒಳಗಿನ ತೇವ ಹೊರಗೆ ಹೋಗಬಾರದು. ಈ ಉಪಾಯ ನಮಗೆ ಹೊಸದಲ್ಲ. ನಮ್ಮೂರ ಕೆರೆಗಳಲ್ಲಿ ಸಿಗುವ ದೊಡ್ಡ ಬಸವನಹುಳು, ಪೈಲಾ ಅಂತಾರೆ, ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕೆಸರಿನೊಳಗೆ ಇಳಿದು ಇದೇ ಥರ ಬಾಗಿಲು ಹಾಕಿಕೊಂಡು ಮಳೆಗಾಗಿ ತಿಂಗಳುಗಟ್ಟಲೆ ಕಾಯುತ್ತದೆ. ಅದು ಬರಗಾಲಕ್ಕೆ ಬಾಗಿಲು ಹಾಕುತ್ತದೆ, ಇದು ಇಳಿತಕ್ಕೆ ಹಾಕುತ್ತದೆ.

ಅದರ ಕೆಳಗಿನ ಬೂದು ಬಿಳಿ ಪಟ್ಟಿ ಬಾರ್ನಕಲ್‌ಗಳದು. ಬರಿಗಾಲಲ್ಲಿ ನಡೆದರೆ ಕಾಲು ಕೊಯ್ಯುವ, ಸಣ್ಣ ಜ್ವಾಲಾಮುಖಿಯಂತೆ ಕಾಣುವ ಗಟ್ಟಿ ಬೊಕ್ಕೆಗಳು ಇವೇ. ಕಲ್ಲಿನ ಭಾಗ ಅಂತ ತಿಳಿದು ಅವುಗಳ ಮೇಲೆಯೇ ಕೂತು ನಾವು ಬ್ರೆಡ್ ತಿಂದಿದ್ವಿ. ಅವು ಏಡಿ, ಸಿಗಡಿಗಳ ಬಳಗ. ಮರಿಯಾಗಿದ್ದಾಗ ನೀರಿನಲ್ಲಿ ಸ್ವತಂತ್ರವಾಗಿ ಈಜುತ್ತವೆ. ಒಂದು ದಿನ ಒಳ್ಳೆ ಜಾಗ ಹುಡುಕಿ, ತಲೆಯನ್ನು ಕಲ್ಲಿಗೆ ಅಂಟಿಸಿ, ಸುತ್ತ ಸುಣ್ಣದ ಗೋಡೆ ಕಟ್ಟಿಕೊಂಡು ಜೀವನಪೂರ್ತಿ ಅಲ್ಲೇ. ನೀರು ಬಂದಾಗ ಮೇಲಿನ ಬಾಗಿಲು ತೆರೆದು, ಗರಿಯಂಥ ಕಾಲುಗಳಿಂದ ನೀರನ್ನು ಬಾಚಿ ತಿನ್ನುತ್ತವೆ. ತಲೆ ಕೆಳಗೆ ಮಾಡಿ ನಿಂತು ಕಾಲಿನಿಂದ ಊಟ ಮಾಡುವ ಪ್ರಾಣಿ! ಜಾಗ ಬಿಟ್ಟು ಕದಲದ ಇವುಗಳಲ್ಲಿ ಬಹುಪಾಲು ಜಾತಿಗಳಲ್ಲಿ ಒಂದೇ ಜೀವಿ ಗಂಡೂ ಹೌದು, ಹೆಣ್ಣೂ ಹೌದು. ಆದ್ದರಿಂದ ಪಕ್ಕದ ಮನೆಯವರು ಯಾರೇ ಇದ್ದರೂ ಸಂಸಾರ ನಡೆಯುತ್ತದೆ. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷ ಬಾರ್ನಕಲ್‌ಗಳನ್ನೇ ಅಭ್ಯಾಸ ಮಾಡಿದ. ಅವನ ಪ್ರಸಿದ್ಧ ವಿಕಾಸವಾದದ ಪುಸ್ತಕ ಬಂದದ್ದು ಆಮೇಲೆ, 1859ರಲ್ಲಿ.

ಬಾರ್ನಕಲ್‌ಗಳ ನಡುವೆ ಅಲ್ಲಲ್ಲಿ ಹಣತೆ ಬೋರಲು ಹಾಕಿದಂತೆ ಕಾಣುವುದು ಲಿಂಪೆಟ್. ಮೆಕ್ಯಾನಿಕಲ್, ಸಿವಿಲ್ ಗೆಳೆಯರು ಇದನ್ನು ಗಮನ ಕೊಟ್ಟು ಓದಬೇಕು. ಇದು ನೀರು ಬಂದಾಗ ಕಲ್ಲಿನ ಮೇಲಿನ ಪಾಚಿಯನ್ನು ನಾಲಿಗೆಯಿಂದ ಕೆರೆದು ತಿನ್ನುತ್ತದೆ. ಆ ನಾಲಿಗೆಯ ಮೇಲೆ ಸಾಲು ಸಾಲು ಸೂಕ್ಷ್ಮ ಹಲ್ಲುಗಳಿವೆ. ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಅಲ್ಲಿಯ ಒಂದು ಜಾತಿಯ ಲಿಂಪೆಟ್‌ನ ಹಲ್ಲಿನ ಟೆನ್ಸೈಲ್ ಸ್ಟ್ರೆಂತ್ ಅಳೆದು ನೋಡಿತು. 3ರಿಂದ 6.5 ಗಿಗಾಪ್ಯಾಸ್ಕಲ್ ಬಂತು. ಅಲ್ಲಿವರೆಗೆ ಜೀವಿಗಳು ತಯಾರಿಸುವ ವಸ್ತುಗಳಲ್ಲಿ ಜೇಡನ ಎಳೆಯೇ ಅತಿ ಗಟ್ಟಿ ಅನ್ನುತ್ತಿದ್ದರು, ಅದನ್ನೂ ಇದು ಮೀರಿಸಿತು. ನಾವು ಲ್ಯಾಬ್‌ನಲ್ಲಿ ಯುಟಿಎಂ ಮಷಿನ್‌ಗೆ ಹಾಕಿ ಎಳೆಯುವ ಮೈಲ್ಡ್ ಸ್ಟೀಲ್ ರಾಡು ಸುಮಾರು 0.4 ಗಿಗಾಪ್ಯಾಸ್ಕಲ್‌ಗೆ ಹರಿಯುತ್ತದೆ. ಲಿಂಪೆಟ್‌ನ ಗುಟ್ಟು ಏನಂದ್ರೆ, ಮೃದುವಾದ ಕೈಟಿನ್ ಒಳಗೆ ಗೊಯಥೈಟ್ ಅನ್ನುವ ಕಬ್ಬಿಣದ ಖನಿಜದ ನ್ಯಾನೋ ಎಳೆಗಳು. ಅಂದ್ರೆ ಕಾಂಪೊಸಿಟ್ ಮಟೀರಿಯಲ್. ಇನ್ನೊಂದು ವಿಷಯ: ಕೆಲವು ಜಾತಿಯ ಲಿಂಪೆಟ್‌ಗಳು ಮೇಯ್ದು ಮುಗಿಸಿ, ತಾವು ಬಿಟ್ಟ ಲೋಳೆಯ ಜಾಡು ಹಿಡಿದು, ಮೊದಲು ಕೂತಿದ್ದ ಅದೇ ಜಾಗಕ್ಕೆ ವಾಪಸ್ ಬರುತ್ತವೆ. ಆ ಜಾಗದಲ್ಲಿ ಚಿಪ್ಪಿನ ಅಂಚಿಗೂ ಕಲ್ಲಿಗೂ ಸಂದು ಇಲ್ಲದಂತೆ ಕೂಡುತ್ತದೆ. ನೀರು ಆರೋದಿಲ್ಲ. ಸುಮ್ಮನೆ ಕಿತ್ತು ನೋಡಿ ಇನ್ನೊಂದು ಕಡೆ ಇಟ್ಟರೆ, ಅದು ತನಗೆ ಸರಿಹೊಂದುವ ಮನೆ ಕಳೆದುಕೊಂಡಂಗ.

ಇನ್ನೂ ಕೆಳಗೆ, ಒರಟು ಕಂದು ಪಟ್ಟಿಯಲ್ಲಿ ಸಿಂಪಿ ಮತ್ತು ಪಚ್ಚಿಲೆ. ಸಿಂಪಿ ತನ್ನ ಒಂದು ಚಿಪ್ಪನ್ನೇ ಕಲ್ಲಿಗೆ ಸಿಮೆಂಟ್ ಹಾಕಿದಂತೆ ಕೂಡಿಸಿಬಿಡುತ್ತದೆ. ಪಚ್ಚಿಲೆ, ಮಲಯಾಳದಲ್ಲಿ ಕಲ್ಲುಮ್ಮಕ್ಕಾಯ, ಹಸಿರು ಅಂಚಿನ ಉದ್ದ ಚಿಪ್ಪು. ಅದು ಕೂದಲಿನಂಥ ದಾರಗಳನ್ನು ತಯಾರಿಸಿ ಕಲ್ಲಿಗೆ ಕಟ್ಟಿಕೊಳ್ಳುತ್ತದೆ. ಒದ್ದೆ ಮೇಲ್ಮೈಗೆ ಫೆವಿಕ್ವಿಕ್ ಸರಿಯಾಗಿ ಹಿಡಿಯೋದಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಪಚ್ಚಿಲೆಯ ದಾರದ ತುದಿಯ ಪ್ರೋಟೀನಿನಲ್ಲಿ ಡೋಪಾ ಅನ್ನುವ ರಾಸಾಯನಿಕ ಇದೆ. ಅದರಿಂದಾಗಿ ಅದು ನೀರಿನೊಳಗೇ, ಅಲೆ ಹೊಡೆಯುತ್ತಿರುವಾಗಲೇ ಅಂಟುತ್ತದೆ. ಇದನ್ನು ನೋಡಿ ಗಾಯ ಮುಚ್ಚುವ ಅಂಟುಗಳನ್ನು ತಯಾರಿಸುವ ಪ್ರಯತ್ನ ಜಗತ್ತಿನ ಬಹಳ ಲ್ಯಾಬ್‌ಗಳಲ್ಲಿ ನಡೆದಿದೆ. ಸಿಂಪಿ, ಪಚ್ಚಿಲೆ ಎರಡೂ ನೀರನ್ನು ಒಳಗೆ ಎಳೆದು, ಸೋಸಿ, ಸೂಕ್ಷ್ಮ ಜೀವಿಗಳನ್ನು ತಿಂದು, ತಿಳಿನೀರು ಹೊರಗೆ ಬಿಡುತ್ತವೆ. ಒಂದು ದೊಡ್ಡ ಪಚ್ಚಿಲೆ ತಾಸಿಗೆ ಲೀಟರ್‌ಗಟ್ಟಲೆ ನೀರು ಸೋಸಬಲ್ಲದು. ಕರೆಂಟ್ ಬೇಡ, ಫಿಲ್ಟರ್ ಬದಲಿಸೋದು ಬೇಡ.

ಕೊನೆಯ ಪಟ್ಟಿ ಪಾಚಿಗಳದು. ಇವಕ್ಕೆ ಬೇರಿಲ್ಲ, ಹೂವಿಲ್ಲ. ಕಲ್ಲನ್ನು ಹಿಡಿದುಕೊಳ್ಳೋಕೆ ಒಂದು ಹಿಡಿಕೆ ಮಾತ್ರ, ಊಟ ಮೈಯೆಲ್ಲಾ. ಪಾಲಕ್ ಎಲೆಯಂತೆ ಕಾಣುವ ಹಸಿರು ಉಲ್ವಾ ಎಷ್ಟು ತೆಳು ಅಂದ್ರೆ, ಅದರ ದಪ್ಪ ಎರಡೇ ಎರಡು ಜೀವಕೋಶ. ಕಂದು ಸರ್ಗಾಸಮ್‌ಗೆ ಕಾಳಿನಂಥ ಗಾಳಿಗುಳ್ಳೆಗಳಿವೆ, ಅವು ಅದನ್ನು ಬೆಳಕಿನ ಕಡೆ ಎತ್ತಿ ಹಿಡಿಯುತ್ತವೆ. ಅದರಿಂದ ಆಲ್ಜಿನೇಟ್ ತೆಗೆಯುತ್ತಾರೆ, ಐಸ್‌ಕ್ರೀಮ್ ನುಣುಪಾಗೋಕೆ ಆಲ್ಜಿನೇಟ್ ಬಳಸ್ತಾರೆ. ಕೆಂಪು ಪಾಚಿ ಗ್ರಾಸಿಲೇರಿಯಾದಿಂದ ಅಗರ್ ಬರುತ್ತದೆ. ಬಯೋಟೆಕ್ ಡಿಪಾರ್ಟ್‌ಮೆಂಟಿನವರು ಪೆಟ್ರಿ ಡಿಶ್‌ಗೆ ಹಾಕುವ ಜೆಲ್ಲಿ ಅದೇ. ಮಳೆಗಾಲದ ಅಲೆಗಳು ಬಂಡೆಯನ್ನು ತೊಳೆದ ಮೇಲೆ, ಚಳಿಗಾಲದಲ್ಲಿ ಇವು ಚೆನ್ನಾಗಿ ಬೆಳೆಯುತ್ತವೆ. ಹಿಂಗಾರಿ ಬೆಳೆ ಅನ್ನಬಹುದು.

ಪಟ್ಟಿಗಳ ನಡುವೆ ಕುಣಿಗಳಿವೆ. ನೀರು ಇಳಿದಾಗಲೂ ಅವುಗಳಲ್ಲಿ ಸಮುದ್ರದ ಒಂದು ಬೊಗಸೆ ಉಳಿದಿರುತ್ತದೆ. ಒಂದು ಕುಣಿಯ ಮುಂದೆ ಹತ್ತು ನಿಮಿಷ ಕದಲದೆ ಕೂತರೆ ಮೊದಲು ಏನೂ ಕಾಣೋದಿಲ್ಲ. ಆಮೇಲೆ ಗಾಜಿನಂಥ ಸಿಗಡಿ, ಕಲ್ಲಿನ ಬಣ್ಣದ ಸಣ್ಣ ಮೀನು, ಹೂವಿನಂತೆ ಬಿಚ್ಚಿಕೊಂಡ ಸೀ ಅನಿಮೋನ್ ಎಲ್ಲಾ ಒಂದೊಂದಾಗಿ ಕಾಣ್ತಾವ. ಅನಿಮೋನ್ ಹೂವಲ್ಲ, ಪ್ರಾಣಿ. ಅದರ ಎಸಳುಗಳಲ್ಲಿ ಚುಚ್ಚುವ ಕೋಶಗಳಿವೆ. ನೀರು ಪೂರ್ತಿ ಹೋದರೆ ಎಸಳು ಒಳಗೆ ಎಳೆದುಕೊಂಡು ಜೆಲ್ಲಿ ಮುದ್ದೆಯಾಗಿ ಕೂಡುತ್ತದೆ.

ಮತ್ತು ಅಲ್ಲೇ ನಮ್ಮ ಚಿಪ್ಪುಗಳೂ ನಡೆದಾಡುತ್ತವೆ. ಹರ್ಮಿಟ್ ಏಡಿಯ ಮುಂಭಾಗ ಗಟ್ಟಿ, ಹಿಂಭಾಗ ಮೆತ್ತಗೆ, ಸುರುಳಿ ಸುತ್ತಿದಂತೆ. ಸತ್ತ ಬಸವನಹುಳುವಿನ ಚಿಪ್ಪಿನಲ್ಲಿ ಹಿಂಭಾಗ ತೂರಿಸಿಕೊಂಡು ಅದನ್ನು ಹೊತ್ತು ತಿರುಗುತ್ತದೆ. ಮೈ ಬೆಳೆದಂತೆ ದೊಡ್ಡ ಮನೆ ಬೇಕು. ಒಂದು ದೊಡ್ಡ ಚಿಪ್ಪು ಖಾಲಿಯಾದರೆ ಒಂದು ಏಡಿ ಅದಕ್ಕೆ ಹೋಗುತ್ತದೆ, ಅದು ಬಿಟ್ಟ ಚಿಪ್ಪಿಗೆ ಇನ್ನೊಂದು, ಅದರದಕ್ಕೆ ಮತ್ತೊಂದು. ಹಾಸ್ಟೆಲ್‌ನಲ್ಲಿ ಫೈನಲ್ ಇಯರ್‌ನವರು ರೂಮು ಬಿಟ್ಟ ಮೇಲೆ ಆಗುತ್ತದಲ್ಲ, ಹಂಗ. ಅಂದ್ರೆ ದಂಡೆಯಲ್ಲಿ ಬಿದ್ದ ನಿಜವಾಗಿ ಖಾಲಿ ಇರುವ ಚಿಪ್ಪು ಕೂಡ ಕಸ ಅಲ್ಲ. ಅದು ಇನ್ನೂ ಯಾರೂ ಬಂದಿಲ್ಲದ ರೂಮು. ನಮ್ಮ ಕರ್ಚೀಫಿನ ಇಪ್ಪತ್ತರಲ್ಲಿ ನಾಲ್ಕರಲ್ಲಿ ಏಡಿ ಇದ್ದವು, ಹದಿನಾರು ಖಾಲಿ ಇದ್ದವು. ಲೆಕ್ಕ ಹಾಕಿದರೆ ತಪ್ಪು ನಾಲ್ಕಲ್ಲ, ಇಪ್ಪತ್ತು.

ಗೆರೆ ಎಳೆದವರು ಯಾರು?

ಪಟ್ಟಿಗಳು ಇಷ್ಟು ನೀಟಾಗಿ ಯಾಕೆ? ನೀರು ಎಷ್ಟು ಹೊತ್ತು ಇರುತ್ತದೆ ಅನ್ನುವುದರ ಮೇಲೆ ಅಂತ ಸುಲಭ ಉತ್ತರ ಕೊಡಬಹುದು. ಅದು ಅರ್ಧ ಉತ್ತರ. ಅಮೆರಿಕದ ಜೋಸೆಫ್ ಕಾನೆಲ್ ಸ್ಕಾಟ್ಲೆಂಡಿನ ದಂಡೆಯಲ್ಲಿ ಎರಡು ಜಾತಿಯ ಬಾರ್ನಕಲ್ ನೋಡಿದರು. ಒಂದು ಯಾವಾಗಲೂ ಮೇಲೆ, ಇನ್ನೊಂದು ಕೆಳಗೆ. ಅವರು ಕೆಲವು ಕಲ್ಲುಗಳಿಂದ ಕೆಳಗಿನ ಜಾತಿಯನ್ನು ಕಿತ್ತು ಹಾಕಿದರು. ಆಗ ಮೇಲಿನ ಜಾತಿ ಕೆಳಗೂ ಆರಾಮಾಗಿ ಬೆಳೆಯಿತು! ಅಂದ್ರೆ ಅದಕ್ಕೆ ಕೆಳಗೆ ಬದುಕೋಕೆ ಬರ್ತಿರಲಿಲ್ಲ ಅಂತಲ್ಲ. ಬೇಗ ಬೆಳೆಯುವ ಪಕ್ಕದವರು ಅದನ್ನು ಒತ್ತಿ, ಎಬ್ಬಿಸಿ, ಜಾಗ ಕಿತ್ತುಕೊಳ್ಳುತ್ತಿದ್ದರು. 1961ರಲ್ಲಿ ಬಂದ ಈ ಅಧ್ಯಯನದಿಂದ ಒಂದು ಸೂತ್ರ ಸಿಕ್ಕಿತು: ಬಂಡೆಯ ಮೇಲೆ ಹೆಚ್ಚಾಗಿ ಮೇಲಿನ ಗೆರೆ ಎಳೆಯುವುದು ಬಿಸಿಲು ಮತ್ತು ಒಣಗುವಿಕೆ, ಕೆಳಗಿನ ಗೆರೆ ಎಳೆಯುವುದು ಪಕ್ಕದವರು ಮತ್ತು ತಿನ್ನುವವರು.

ತಿನ್ನುವವರ ಮಹತ್ವ ತೋರಿಸಿದ್ದು ರಾಬರ್ಟ್ ಪೇನ್. ಅಮೆರಿಕದ ವಾಷಿಂಗ್ಟನ್ ರಾಜ್ಯದ ದಂಡೆಯಲ್ಲಿ 1963ರಿಂದ ಅವರು ಒಂದು ಬಂಡೆಯ ಮೇಲಿನ ನಕ್ಷತ್ರಮೀನುಗಳನ್ನು ಕಿತ್ತು ಸಮುದ್ರಕ್ಕೆ ಎಸೆಯುತ್ತಾ ಹೋದರು. ನಕ್ಷತ್ರಮೀನು ಪಚ್ಚಿಲೆಯ ಬಳಗದವನ್ನು ತಿನ್ನುತ್ತದೆ. ತಿನ್ನುವವನಿಲ್ಲದಾಗ ಎಲ್ಲರಿಗೂ ಒಳ್ಳೆಯದಾಗಬೇಕಲ್ಲ? ಆಗಲಿಲ್ಲ. ಆ ಚಿಪ್ಪುಗಳೇ ಬಂಡೆಯನ್ನೆಲ್ಲಾ ಆಕ್ರಮಿಸಿ, ಹದಿನೈದು ಜಾತಿಗಳಿದ್ದ ಜಾಗದಲ್ಲಿ ಎಂಟು ಉಳಿದವು. ಕಮಾನಿನ ನಡುವಿನ ಕೀಲಿಗಲ್ಲು ತೆಗೆದರೆ ಕಮಾನು ಕುಸಿಯುವಂತೆ. ಅದಕ್ಕೇ 1969ರಲ್ಲಿ ಪೇನ್ ಇಂಥ ಜೀವಿಗೆ ಕೀಸ್ಟೋನ್ ಸ್ಪೀಶೀಸ್ ಅಂತ ಹೆಸರಿಟ್ಟರು. ಇವತ್ತು ಹುಲಿ, ಆನೆ ಬಗ್ಗೆ ಮಾತಾಡುವಾಗಲೂ ಬಳಸುವ ಈ ಮಾತು ಹುಟ್ಟಿದ್ದು ಇಳಿತದ ಬಂಡೆಯ ಮೇಲೆ.

ನಮ್ಮ ಹಳ್ಳದ ನೀರು

ಅವತ್ತು ಬಂಡೆಯ ಮೇಲೆ ನಮ್ಮ ಜೊತೆ ಇನ್ನೊಬ್ಬರಿದ್ದರು. ಬುಟ್ಟಿ, ಕಬ್ಬಿಣದ ಉಳಿ ಹಿಡಿದು ಸಿಂಪಿ ಬಿಡಿಸುತ್ತಿದ್ದ ಒಬ್ಬ ವಯಸ್ಸಾದ ಅಮ್ಮ. ಅಮಾವಾಸ್ಯೆ ಲೆಕ್ಕ ಮೊದಲು ಹೇಳಿದ್ದು ಅವರೇ. ಸಣ್ಣ ಸಿಂಪಿ ಬಂದರೆ ಮುಟ್ಟದೆ ಬಿಡುತ್ತಿದ್ದರು. ಎಲ್ಲಿಂದ ಬಂದ್ರಿ ಅಂತ ಕೇಳಿದರು, ಹೇಳಿದ್ವಿ. ನಮ್ಮ ಕಡೆ ನೀರಿನ ತ್ರಾಸು, ಇಲ್ಲಿ ನೋಡಿದರೆ ಹೊಳೆಗಳೆಲ್ಲಾ ಸುಮ್ಮನೆ ಸಮುದ್ರಕ್ಕೆ ಹರಿದು ವ್ಯರ್ಥ ಆಗ್ತಾವಲ್ಲ ಅಂತ ಕುಂದಗೋಳದವ ಅಂದ. ಅಮ್ಮ ಸಿಟ್ಟು ಮಾಡಲಿಲ್ಲ. "ಹೊಳೆನೀರು ಬರ್ಲಿಲ್ಲ ಅಂದ್ರೆ ಈ ಕಲ್ಲಮೇಲೆ ಏನೂ ಆಗುದಿಲ್ಲ ತಮಾ" ಅಂದು ಮತ್ತೆ ಉಳಿ ಹೊಡೆಯತೊಡಗಿದರು.

'ಸಮುದ್ರಕ್ಕೆ ಹೋಗುವ ನೀರು ವ್ಯರ್ಥ' ಅನ್ನೋ ಮಾತು ನಾವು ಹುಟ್ಟಿದಾಗಿನಿಂದ ಕೇಳಿದ್ದು. ನವಲಗುಂದದ ಮನೆಗಳಲ್ಲಿ ಇದು ಬರೀ ಮಾತಲ್ಲ. 1980ರ ಜುಲೈನಲ್ಲಿ ನೀರಾವರಿ ಕರದ ವಿರುದ್ಧದ ಹೋರಾಟದಲ್ಲಿ ರೈತರು ಜೀವ ಕೊಟ್ಟ ಊರು ಅದು. ಮಹದಾಯಿ ನೀರಿಗಾಗಿ ನಮ್ಮ ಅಪ್ಪ, ಕಾಕಾ ಧರಣಿಯಲ್ಲಿ ಕೂತದ್ದು ನಾವು ನೋಡಿದ್ದೀವಿ. ಆ ಬಾಯಾರಿಕೆ ಸುಳ್ಳಲ್ಲ, ಅದನ್ನು ನಾವು ಬಿಟ್ಟುಕೊಡೋದೂ ಇಲ್ಲ.

ಆದರೆ ವಾಪಸ್ ಬಂದು ಮ್ಯಾಪ್ ತೆಗೆದು ನೋಡಿದಾಗ ಒಂದು ವಿಷಯ ಗೊತ್ತಾಯ್ತು. ಶಾಲ್ಮಲಾ ಧಾರವಾಡದ ಸೋಮೇಶ್ವರದಲ್ಲಿ ಹುಟ್ಟಿ, ಕಲಘಟಗಿ ಸೀಮೆಯಲ್ಲಿ ಬೇಡ್ತಿಯಾಗಿ, ಯಲ್ಲಾಪುರದ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅನ್ನುವ ಹೆಸರಿನಲ್ಲಿ ಸಮುದ್ರ ಸೇರುತ್ತದೆ. ಎಲ್ಲಿ? ಗೋಕರ್ಣದ ಉತ್ತರಕ್ಕೆ, ಸ್ವಲ್ಪೇ ದೂರದಲ್ಲಿ. ಅಂದ್ರೆ ನಮ್ಮ ಕಲಘಟಗಿ ಗೆಳೆಯನ ಊರಿನ ಮಳೆನೀರು, ನಾವು ಬಸ್ಸಿನಲ್ಲಿ ಹೋದ ದಿಕ್ಕಿನಲ್ಲೇ, ನಮಗಿಂತ ಮೊದಲು ಅಲ್ಲಿ ಮುಟ್ಟಿತ್ತು. ನವಲಗುಂದದ ಬೆಣ್ಣೆಹಳ್ಳ ಮಾತ್ರ ಮಲಪ್ರಭಾ, ಕೃಷ್ಣಾ ಸೇರಿ ಬಂಗಾಳ ಕೊಲ್ಲಿಯ ಕಡೆ ಹೋಗುತ್ತದೆ. ಒಂದೇ ಜಿಲ್ಲೆಯ ನೀರು, ಎರಡು ಸಮುದ್ರ.

ಹೊಳೆ ತರುವುದು ಬರೀ ನೀರಲ್ಲ. ಕಾಡಿನ, ಹೊಲದ ಮಣ್ಣಿನಿಂದ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ತರುತ್ತದೆ. ಅವನ್ನು ಉಂಡು ಕಣ್ಣಿಗೆ ಕಾಣದ ಸೂಕ್ಷ್ಮ ಪಾಚಿಗಳು ಬೆಳೆಯುತ್ತವೆ. ಅವನ್ನೇ ಸಿಂಪಿ, ಪಚ್ಚಿಲೆ, ಬಾರ್ನಕಲ್ ಸೋಸಿ ತಿನ್ನುತ್ತವೆ. ಹಾಗಂತ ಹೊಳೆನೀರು ಯಾವಾಗಲೂ ಒಳ್ಳೆಯದೇ ಅಂತಲ್ಲ. ಜೋರು ಮಳೆಗಾಲದಲ್ಲಿ ಅಳಿವೆಯ ಉಪ್ಪು ಬಹಳ ಇಳಿದು ಕೆಲವು ಜೀವಿಗಳು ಸಾಯುತ್ತವೆ, ಕೆಲವು ಬಾಗಿಲು ಹಾಕಿಕೊಂಡು ಕಾಯುತ್ತವೆ. ಮಳೆ ನಿಂತ ಮೇಲೆ ಪಚ್ಚಿಲೆಯ ಹೊಸ ಮರಿಗಳು ಬಂಡೆಗೆ ಬಂದು ಕೂಡುತ್ತವೆ. ಅಲ್ಲಿಯ ವರ್ಷದ ಲೆಕ್ಕವೆಲ್ಲಾ ನಿಂತಿರುವುದು ಹೊಳೆ ಸಮಯಕ್ಕೆ ಬರುತ್ತದೆ ಅನ್ನುವುದರ ಮೇಲೆ.

ಗೋಕರ್ಣದ ದಕ್ಷಿಣಕ್ಕೆ ಅಘನಾಶಿನಿ ಅಳಿವೆ ಇದೆ. ದೊಡ್ಡ ಅಣೆಕಟ್ಟು ಇಲ್ಲದೆ ಹರಿಯುವ ಹೊಳೆ ಅದು. ಅಳಿವೆಯ ಚಿಪ್ಪುಗಳನ್ನು ತೆಗೆದು ಎಷ್ಟೋ ಮನೆಗಳು ನಡೆಯುತ್ತವೆ. 2024ರ ಜನವರಿಯಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ಪಟ್ಟಿಗೆ ಸೇರಿತು. ಅದೇ ಹೊತ್ತಿಗೆ ಸೇರಿದ ಇನ್ನೊಂದು ಜಾಗ ನಮ್ಮ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುವ ಕೆರೆ. ಕೆರೆಯ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಳಿವೆಯ ಬೆಲೆ ನಮಗೆ ಗೊತ್ತಿರಲಿಲ್ಲ.

ನೀರು ಯಾರಿಗೆ ಎಷ್ಟು ಅಂತ ತೀರ್ಪು ಕೊಡುವಷ್ಟು ದೊಡ್ಡವರಲ್ಲ ನಾವು. ನಮಗೂ ನೀರು ಬೇಕು. ಆದರೆ ಕೇಳುವಾಗ 'ಅದು ಅಲ್ಲಿ ವ್ಯರ್ಥ ಆಗ್ತದ' ಅನ್ನೋ ಮಾತು ಇನ್ನು ನಮ್ಮ ಬಾಯಲ್ಲಿ ಬರೋದಿಲ್ಲ. ಅಲ್ಲೂ ಉಣ್ಣುವವರು ಇದ್ದಾರೆ.

ಮುಂದಿನ ಟ್ರಿಪ್‌ಗೆ ಹೋಗುವವರಿಗೆ

ಉಷ್ಣವಲಯದ ಬಂಡೆ ಜೀವಿಗಳಲ್ಲಿ ಬಹಳಷ್ಟು ಈಗಾಗಲೇ ತಾವು ತಾಳಬಲ್ಲ ಬಿಸಿಯ ಅಂಚಿನಲ್ಲೇ ಬದುಕುತ್ತಿವೆ. 2021ರ ಜೂನ್ ಕೊನೆಯಲ್ಲಿ ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಬಿಸಿಗಾಳಿ ಬಂದಾಗ ದಂಡೆಯ ನೂರು ಕೋಟಿಗೂ ಹೆಚ್ಚು ಜೀವಿಗಳು ಸತ್ತಿರಬಹುದು ಅಂತ ಅಲ್ಲಿಯ ವಿಜ್ಞಾನಿಗಳು ಅಂದಾಜು ಮಾಡಿದರು. ಭೂಮಿಯ ಬಿಸಿ ಇಳಿಸೋದು ನಮ್ಮ ನಾಲ್ವರ ಕೈಯಲ್ಲಿಲ್ಲ. ಆದರೆ ಕರ್ಚೀಫು ನಮ್ಮ ಕೈಯಲ್ಲೇ ಇತ್ತು. ಆದ್ದರಿಂದ ನಾವು ತಪ್ಪು ಮಾಡಿ ಕಲಿತ ನಾಲ್ಕು ಮಾತು:

ಹೋಗುವ ಮುಂಚೆ ಮೊಬೈಲಿನಲ್ಲಿ ಟೈಡ್ ಟೇಬಲ್ ನೋಡ್ರಿ. ಇಳಿತದ ಹೊತ್ತಿಗೆ ಒಂದು ತಾಸು ಮುಂಚೆ ಮುಟ್ಟಿ, ನೀರು ಏರೋಕೆ ಶುರುವಾದ ಕೂಡಲೇ ವಾಪಸ್ ಬರ್ರಿ. ಸಮುದ್ರಕ್ಕೆ ಬೆನ್ನು ಹಾಕಿ ಸೆಲ್ಫಿ ಬೇಡ. ಮಳೆಗಾಲದಲ್ಲಿ ಬಂಡೆ ಹತ್ತಲೇಬೇಡಿ. ಪಾಚಿಯ ಮೇಲೆ ಎಂಥ ಶೂ ಇದ್ದರೂ ಜಾರುತ್ತದೆ.

ಕಲ್ಲು ಎತ್ತಿ ನೋಡಿದರೆ ಮೊದಲು ಇದ್ದಂತೆಯೇ ಮೆಲ್ಲಗೆ ಇಡ್ರಿ. ಕೆಳಗಿನ ಬದಿ ಮೇಲಾದರೆ ಅಲ್ಲಿ ಅಂಟಿಕೊಂಡವರು ಬಿಸಿಲಿಗೆ ಸುಡುತ್ತಾರೆ. ಅಂಟಿಕೊಂಡಿದ್ದನ್ನು ಕೀಳಬೇಡಿ.

ಐಸ್‌ಕ್ರೀಮ್ ಕೋನ್ ಆಕಾರದ ಚಂದದ ಚಿಪ್ಪು ಕಂಡರೆ ಕೈ ಹಾಕಬೇಡಿ. ಕೋನ್ ಬಸವನಹುಳುಗಳಿಗೆ ವಿಷದ ಬಾಣ ಇದೆ, ಕೆಲವು ಜಾತಿಯವು ಮನುಷ್ಯನ ಜೀವ ತೆಗೆಯಬಲ್ಲವು.

ಹವಳ, ಸಮುದ್ರ ಸೌತೆ, ಸಮುದ್ರ ಕುದುರೆ, ಕೆಲವು ಜಾತಿಯ ದೊಡ್ಡ ಶಂಖಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಆದರೆ ಕಾಯ್ದೆಯ ಪಟ್ಟಿಯಲ್ಲಿ ಇಲ್ಲದ ಸಾದಾ ಚಿಪ್ಪನ್ನೂ ಅಲ್ಲೇ ಬಿಡಿ. ಫೋಟೋ ಸಾಕು.

ಇದರಲ್ಲಿ ನಿಜವಾಗಿ ಆಸಕ್ತಿ ಹುಟ್ಟಿದವರಿಗೆ ಒಂದು ಸುದ್ದಿ. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನ ವಿಭಾಗ ಇರೋದು ಧಾರವಾಡದಲ್ಲಲ್ಲ, ಕಾರವಾರದ ಕೋಡಿಬಾಗದಲ್ಲಿ. ಮುಂಬೈಯಲ್ಲಿ 2017ರಿಂದ 'ಮರೀನ್ ಲೈಫ್ ಆಫ್ ಮುಂಬೈ' ಅನ್ನುವ ಗುಂಪು ಇಳಿತದ ಹೊತ್ತಿಗೆ ಜನರನ್ನು ದಂಡೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸುತ್ತಿದೆ. ಅಷ್ಟು ದೊಡ್ಡ ಊರಿನ ಕೊಳಕು ದಂಡೆಯಲ್ಲೇ ಅವರಿಗೆ ಅಷ್ಟೊಂದು ಜೀವಿಗಳು ಸಿಕ್ಕಿವೆ. ನಮ್ಮ ಕರಾವಳಿಯಲ್ಲಿ ನೋಡೋಕೆ ಎಷ್ಟಿರಬಹುದು! ನಮ್ಮ ಸಂಘದಿಂದಲೂ ಅಂಥದ್ದೊಂದು ನಡಿಗೆ ಮಾಡೋಣ ಅಂತ ಆಸೆ.

ಸತ್ತ ನಾಲ್ಕು ಏಡಿಗಳನ್ನು ಹಾಸ್ಟೆಲ್ ಹಿಂದಿನ ಬೇವಿನ ಗಿಡದ ಬುಡದಲ್ಲಿ ಮುಚ್ಚಿದ್ವಿ. ಇಪ್ಪತ್ತು ಚಿಪ್ಪುಗಳನ್ನೂ ಚೆನ್ನಾಗಿ ತೊಳೆದು ಒಂದು ಡಬ್ಬಿಯಲ್ಲಿ ಇಟ್ಟಿದ್ದೀವಿ. ಸೆಮ್ ಮುಗಿದ ಮೇಲೆ ಬರುವ ಮೊದಲ ಹುಣ್ಣಿಮೆಗೆ ಅವನ್ನು ತಗೊಂಡು ಹೋಗಿ, ಅದೇ ಕುಣಿಯಲ್ಲಿ ಇಟ್ಟು ಬರ್ತೀವಿ. ಯಾರಾದರೂ ಬಾಡಿಗೆಗೆ ಬರ್ತಾರೇನೋ ನೋಡೋಣ.